ಕಿತ್ತಳೆ ಬಣ್ಣ ಇದೆಯಾ?

ಬಂಡೆಗಳ ನಡುವೆ ನೊರೆಯೆದ್ದು ಹರಿಯುವ ಹೊಳೆಯಲ್ಲಿ ಸಣ್ಣ ದೋಣಿ ನಡೆಸುವ ವೈಟ್ ವಾಟರ್ ಕಯಾಕಿಂಗ್ ಕಲಿಯಲು ಹೊರಟವರು ಮೊದಲ ದೋಣಿ ಕೊಳ್ಳುವಾಗ ಕೇಳುವ ಪ್ರಶ್ನೆಗಳು ಎರಡೇ. ಒಂದು, "ಯಾವುದು ಒಳ್ಳೆಯದು?" ಇನ್ನೊಂದು, "ಅದರಲ್ಲಿ ಕಿತ್ತಳೆ ಬಣ್ಣ ಇದೆಯಾ?" ಮೊದಲನೆಯದಕ್ಕೆ ಉತ್ತರ ಸಿಗುವ ಮೊದಲೇ ಎರಡನೆಯದು ಬಾಯಿಂದ ಜಾರಿರುತ್ತದೆ. ಪಕ್ಕದಲ್ಲಿದ್ದ ಅನುಭವಸ್ಥರು ಮುಸಿಮುಸಿ ನಗುತ್ತಾರೆ. ನಗುವಂಥದ್ದೇನಿಲ್ಲ. ಎರಡರಲ್ಲಿ ಬುದ್ಧಿವಂತ ಪ್ರಶ್ನೆ ಬಣ್ಣದ್ದೇ. ಸವಾರ ಈಜಿ ದಡ ಸೇರಿದ ಮೇಲೆ ಮಗುಚಿದ ದೋಣಿ ತನ್ನ ಪಾಡಿಗೆ ತೇಲಿಕೊಂಡು ಹೋಗುತ್ತದೆ. ಎಲೆ ಹಸಿರು ದೋಣಿಯನ್ನು ಕಾಡಿನ ನೆರಳಿನಲ್ಲಿ, ಕಪ್ಪು ದೋಣಿಯನ್ನು ಕಪ್ಪು ಬಂಡೆಗಳ ಸಂದಿಯಲ್ಲಿ ಹುಡುಕಬೇಕಾದವರಿಗೆ ಬಣ್ಣದ ಬೆಲೆ ಗೊತ್ತಾಗುತ್ತದೆ. ಕಿತ್ತಳೆ, ಹಳದಿ, ಕೆಂಪು ದೂರದಿಂದಲೇ ಕಣ್ಣಿಗೆ ಹೊಡೆಯುತ್ತವೆ.

ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಮಾತ್ರ ಯಾರ ಹತ್ತಿರವೂ ಉತ್ತರವಿಲ್ಲ. ಎಲ್ಲರ ಹತ್ತಿರವೂ ಒಂದೊಂದು ದೋಣಿ ಇದೆ, ಅದರ ಹೆಸರನ್ನೇ ಉತ್ತರ ಎಂದು ಕೊಡುತ್ತಾರೆ. ತೊಂಬತ್ತು ಕಿಲೋ ತೂಗುವ ಆಸಾಮಿ ಐವತ್ತೈದು ಕಿಲೋದವರಿಗೆ ತನ್ನದೇ ದೋಣಿಯನ್ನು ಕಣ್ಣು ಮುಚ್ಚಿ ಶಿಫಾರಸು ಮಾಡುತ್ತಾನೆ. ಪ್ರತಿ ಮಾದರಿಗೂ ಇಂತಿಷ್ಟು ಕಿಲೋದಿಂದ ಇಂತಿಷ್ಟು ಕಿಲೋವರೆಗೆ ಎಂದು ತಯಾರಕರು ಬರೆದಿರುತ್ತಾರೆ. ಅದನ್ನು ಓದುವುದಕ್ಕೆ ಏನು ಕಷ್ಟವೋ! ಓದುವಾಗ ನಿಮ್ಮ ತೂಕದ ಮೇಲೆ ಒದ್ದೆ ಬಟ್ಟೆ, ಹೆಲ್ಮೆಟ್, ಹಗ್ಗ, ಬುತ್ತಿ ಎಲ್ಲಾ ಸೇರಿ ಇನ್ನು ಏಳೆಂಟು ಕಿಲೋ ಸೇರಿಸಿಕೊಳ್ಳಿ. ಆ ಮೊತ್ತ ವ್ಯಾಪ್ತಿಯ ನಡುಮಧ್ಯದ ಆಸುಪಾಸಿನಲ್ಲಿ ಬೀಳಬೇಕು. ದೋಣಿ ಅಳತೆ ಮೀರಿ ದೊಡ್ಡದಾದರೆ ನೀರಿನ ಮೇಲೆ ಬೆಂಡಿನಂತೆ ಕೂರುತ್ತದೆ, ಸೊಂಟ ತಿರುಗಿಸಿದರೂ ಓರೆಯಾಗುವುದಿಲ್ಲ. ಚಿಕ್ಕದಾದರೆ ಹಿಂಬದಿ ಮುಳುಗಿರುತ್ತದೆ, ಹರಿವು ಅದನ್ನೇ ಹಿಡಿದೆಳೆದು ಮಗುಚುತ್ತದೆ.

ಆಕಾರದ ಪುರಾಣ ದೊಡ್ಡದು, ಚಿಕ್ಕದಾಗಿ ಮುಗಿಸೋಣ. ಎರಡು ಮೀಟರಿಗಿಂತ ಗಿಡ್ಡವಾದ ಪ್ಲೇಬೋಟ್ ಅಲೆಯ ಮೇಲೆ ಪಲ್ಟಿ ಹೊಡೆಯಲಿಕ್ಕಿರುವಂಥದ್ದು. ದುಂಡನೆಯ, ಮೂತಿ ಮೇಲೆತ್ತಿದ ಕ್ರೀಕ್ ಬೋಟ್ ಕಡಿದಾದ ತೊರೆಗಳಿಗೆ. ಇವೆರಡರ ನಡುವೆ ನಿಂತದ್ದು ರಿವರ್ ರನ್ನರ್, ಹೆಚ್ಚುಕಡಿಮೆ ಎರಡೂವರೆ ಮೀಟರ್ ಉದ್ದ. ಕಲಿಯುವವರಿಗೆ ಇದು, ಅಥವಾ ತೀರಾ ದೊಡ್ಡದಲ್ಲದ ಕ್ರೀಕ್ ಬೋಟ್. ಈಚೆಗೆ ಹಾಫ್ ಸ್ಲೈಸ್ ಎಂಬ ಚಪ್ಪಟೆ ಬಾಲದ ದೋಣಿಯನ್ನು ಹೊಸಬರ ತಲೆಗೆ ಕಟ್ಟುವ ಚಾಳಿ ಶುರುವಾಗಿದೆ. ಬಾಲ ಮುಳುಗಿಸಿ ಮೂತಿ ಆಕಾಶಕ್ಕೆತ್ತಿದ ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಬಂಡೆಯ ಹಿಂದಿನ ತಿರುಗುನೀರು ಮುಖ್ಯ ಹರಿವಿಗೆ ಸೇರುವ ಗೆರೆಯನ್ನು ಇನ್ನೂ ನೆಟ್ಟಗೆ ದಾಟಲು ಬಾರದವರಿಗೆ ಅದೇ ಬಾಲ ಕೇಳದೆಯೇ ಮುಳುಗಿ ಅದೇ ಫೋಟೋವನ್ನು ತಲೆಕೆಳಗಾಗಿ ಕೊಡುತ್ತದೆ. ತಳದ ಅಂಚು ಚೂಪಾಗಿದ್ದರೂ ಇದೇ ಕಷ್ಟ. ಪಕ್ಕದಿಂದ ಬರುವ ನೀರಿಗೆ ಅಂಚು ಸಿಕ್ಕಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಮಗುಚು. ದುಂಡಂಚು ಅಷ್ಟು ನಿಷ್ಠುರವಲ್ಲ.

 ಈಗ ಸ್ಪ್ರೇ ಸ್ಕರ್ಟ್ ವಿಷಯ ಮುಗಿಸಿಬಿಡೋಣ, ಅಂದರೆ ಸೊಂಟಕ್ಕೆ ತೊಟ್ಟು, ದೋಣಿಯಲ್ಲಿ ಕೂರುವ ಜಾಗವಾದ ಕಾಕ್‌ಪಿಟ್ಟಿನ ಬಾಯಿಗೆ ನೀರು ನುಗ್ಗದಂತೆ ಮುಚ್ಚುವ ಹೊದಿಕೆಯದು. ಯಾಕೆಂದರೆ ದೋಣಿ ಆರಿಸಲು ಮೂರು ತಿಂಗಳು ಚರ್ಚಿಸುವವರು ಸ್ಕರ್ಟ್ ಆರಿಸಲು ಮೂರು ನಿಮಿಷವನ್ನೂ ಕೊಡುವುದಿಲ್ಲ.

ಸ್ಕರ್ಟಿಗೆ ಎರಡು ಅಳತೆ. ಒಂದು ನಿಮ್ಮ ಹೊಟ್ಟೆಯದು, ಇನ್ನೊಂದು ದೋಣಿಯ ಕಾಕ್‌ಪಿಟ್ ಬಾಯಿಯದು. ಜನ ಮೊದಲನೆಯದನ್ನು ಹೇಳಿ (ಅದನ್ನೂ ಸ್ವಲ್ಪ ಕಡಿಮೆ ಮಾಡಿ ಹೇಳಿ) ತಂದುಬಿಡುತ್ತಾರೆ. ಕಾಕ್‌ಪಿಟ್ ಬಾಯಿ ಮಾದರಿಯಿಂದ ಮಾದರಿಗೆ ಬೇರೆ, ಯಾವ ದೋಣಿಗೆ ಯಾವ ಅಳತೆ ಎಂಬ ಪಟ್ಟಿ ಸ್ಕರ್ಟ್ ಮಾಡುವವರ ಬಳಿ ಇರುತ್ತದೆ. ಕೆರೆಯ ದೋಣಿಗಳಿಗೆ ಹಾಕುವ ನೈಲಾನ್ ಸ್ಕರ್ಟ್ ಇಲ್ಲಿ ನಡೆಯುವುದಿಲ್ಲ. ಒಂದು ಅಲೆ ಮಡಿಲಿಗೆ ಬಿದ್ದರೆ ಸಾಕು, ಕಳಚಿ ಒಳಗೆ ಕುಸಿಯುತ್ತದೆ. ನಿಯೋಪ್ರೀನ್ ಎಂಬ ಹಿಗ್ಗುವ ರಬ್ಬರ್ ಬಟ್ಟೆಯದು ಬೇಕು. ಅದರಲ್ಲೂ ಎರಡು ಜಾತಿ. ಅಂಚಿನೊಳಗೆ ಎಲಾಸ್ಟಿಕ್ ಹಗ್ಗ ಹೊಲಿದದ್ದು ಒಂದು, ಅಂಚಿಗೆ ಗಟ್ಟಿ ರಬ್ಬರ್ ಪಟ್ಟಿ ಅಂಟಿಸಿದ್ದು ಇನ್ನೊಂದು. ರಬ್ಬರ್ ಪಟ್ಟಿಯದು ದೊಡ್ಡ ಅಲೆಗೂ ಜಗ್ಗುವುದಿಲ್ಲ, ಹಾಗೆಯೇ ಹೊಸಬರ ಕೈಗೂ ಜಗ್ಗುವುದಿಲ್ಲ. ಕಲಿಯುವಾಗ ಹಗ್ಗದ್ದೇ ಸಾಕು.

ಇನ್ನು ಹಾಕುವ ಕಲೆ. ನಿಂತುಕೊಂಡೇ ತೂರಿಸಿಕೊಂಡು ಪಕ್ಕೆಲುಬಿನವರೆಗೆ ಎಳೆದುಕೊಳ್ಳಬೇಕು, ಕಳಚಲೆಂದು ಅಂಚಿಗೆ ಹೊಲಿದ ಎಳೆಯುವ ಪಟ್ಟಿ ಮುಂದಕ್ಕೆ ಇರಬೇಕು. ಆಮೇಲೆ ದೋಣಿಯಲ್ಲಿ ಕೂತು, ಹಿಂದಕ್ಕೆ ಬಾಗಿ, ಬೆನ್ನ ಹಿಂದಿನ ಅಂಚನ್ನು ಕಾಕ್‌ಪಿಟ್ ತುಟಿಯ ಕೆಳಗೆ ಸಿಕ್ಕಿಸಿ, ಎರಡೂ ಕೈಗಳನ್ನು ಅಂಚಿನಗುಂಟ ಸೊಂಟದವರೆಗೆ ತರಬೇಕು. ಈಗ ಮುಂದಕ್ಕೆ ಬಾಗಿ ಮುಂದಿನ ಅಂಚನ್ನು ಎಳೆದು ತುಟಿಯ ಮೇಲೆ ದಾಟಿಸುವುದು. ದಾಟಿತು ಅನ್ನುವಷ್ಟರಲ್ಲಿ ಹಿಂದೆ ಟಪ್ ಎಂದು ಕಳಚಿರುತ್ತದೆ. ಹಿಂದಿನದನ್ನು ಸರಿಮಾಡಿದರೆ ಮುಂದಿನದು ಟಪ್. ನಾಯಿ ಬಾಲ ಕೂಡ ಇಷ್ಟು ಹಟ ಮಾಡುವುದಿಲ್ಲ. ಅಷ್ಟರಲ್ಲಿ ಜೊತೆಯವರು ನೀರಿನಲ್ಲಿ ಅಡ್ಡಾಡುತ್ತಾ "ಆಯ್ತಾ?" ಎಂದು ಕೇಳುತ್ತಿರುತ್ತಾರೆ. ಅವರ ಸ್ಕರ್ಟ್ ಹಳೆಯದಾಗಿ ಹಿಗ್ಗಿದೆ, ಅದಕ್ಕೇ ಆ ಧೈರ್ಯ.

ಕಾರಣ ಸರಳ. ಒಣ ನಿಯೋಪ್ರೀನ್ ಸುಲಭಕ್ಕೆ ಹಿಗ್ಗುವುದಿಲ್ಲ. ಮುಂದಿನ ಅಂಚನ್ನು ಎಳೆದಾಗ ಸ್ಕರ್ಟ್ ಹಿಗ್ಗುವ ಬದಲು ಇಡಿಯಾಗಿ ಮುಂದಕ್ಕೆ ಸರಿಯುತ್ತದೆ, ಹಿಂದಿನ ಹಿಡಿತ ತಪ್ಪುತ್ತದೆ. ಸ್ಕರ್ಟನ್ನೂ ತುಟಿಯನ್ನೂ ಚೆನ್ನಾಗಿ ಒದ್ದೆ ಮಾಡಿ, ಮುಂದಕ್ಕೆ ಎಳೆಯುವಾಗ ಎರಡೂ ಮೊಣಕೈಗಳಿಂದ ಸೊಂಟದ ಪಕ್ಕದ ಅಂಚನ್ನು ಒತ್ತಿ ಹಿಡಿಯಿರಿ. ಹೊಸ ಸ್ಕರ್ಟನ್ನು ಒದ್ದೆ ಮಾಡಿ, ನೆರಳಿನಲ್ಲಿರುವ ದೋಣಿಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಅರ್ಧ ಜಗಳ ತಾನಾಗಿ ಮುಗಿಯುತ್ತದೆ.

ಅಷ್ಟಾದರೂ ಆಗದಿದ್ದರೆ ಯಾರಾದರೂ ಪುಣ್ಯಾತ್ಮರು ಬಂದು ಮುಂದಿನ ಅಂಚನ್ನು ಎಳೆದು ಕೂರಿಸಿ ಹೋಗುತ್ತಾರೆ. ನಿಜವಾದ ಅಪಾಯ ಇಲ್ಲೇ. ಉಪಕಾರದ ಆತುರದಲ್ಲಿ ಎಳೆಯುವ ಪಟ್ಟಿ ಒಳಗೇ ಉಳಿದುಬಿಡಬಹುದು. ಮಗುಚಿದಾಗ ಸ್ಕರ್ಟ್ ಕಳಚಲು ಇರುವ ಹಿಡಿ ಅದೊಂದೇ. ಪ್ರತಿ ಸಲ ಮುಚ್ಚಿದ ಮೇಲೂ ಪಟ್ಟಿಯನ್ನು ಕೈಯಿಂದ ಮುಟ್ಟಿ ನೋಡಬೇಕು. ಕಣ್ಣಿಗೆ ಕಂಡರೆ ಸಾಲದು. ನೀರಿನೊಳಗೆ ಕೈಗೆ ಬೇಗ ಸಿಗಲಿ ಎಂದು ಕೆಲವರು ಪಟ್ಟಿಗೆ ಟೊಳ್ಳು ಪ್ಲಾಸ್ಟಿಕ್ ಚೆಂಡೊಂದನ್ನು ಕಟ್ಟಿರುತ್ತಾರೆ, ನೋಡಲು ಹಾಸ್ಯಾಸ್ಪದ, ಆದರೆ ಕೆಲಸಕ್ಕೆ ಬರುತ್ತದೆ. ಕಳಚುವಾಗ ಪಟ್ಟಿಯನ್ನು ಮೊದಲು ಮುಂದಕ್ಕೆ ದೂಡಿ ಆಮೇಲೆ ಎತ್ತಬೇಕು. ಗಾಬರಿಯಲ್ಲಿ ನೇರ ಹೊಟ್ಟೆಯ ಕಡೆ ಎಳೆದುಕೊಂಡರೆ ಅಂಚು ತುಟಿಯ ಕೆಳಗೆ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಪಟ್ಟಿ ಸಿಗಲೇ ಇಲ್ಲವೆಂದರೆ ಸೊಂಟದ ಪಕ್ಕದಲ್ಲಿ ಸ್ಕರ್ಟನ್ನು ಮುಷ್ಟಿಯಲ್ಲಿ ಹಿಡಿದು ಸುಲಿಯಬೇಕು, ಅಥವಾ ಮೊಣಕಾಲಿನಿಂದ ಒಳಗಿನಿಂದಲೇ ಒತ್ತಿ ಎಬ್ಬಿಸಬೇಕು. ಇದನ್ನೆಲ್ಲ ಮೊದಲು ನೆಲದ ಮೇಲೆ, ಆಮೇಲೆ ಸೊಂಟಮಟ್ಟದ ನಿಂತ ನೀರಿನಲ್ಲಿ ಪಕ್ಕದಲ್ಲೊಬ್ಬರನ್ನು ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ ಮಾಡಿ ನೋಡಿ. ಹೊಳೆಯಲ್ಲಿ ಕೈಗವಸು ಹಾಕುವವರಾದರೆ ಅಭ್ಯಾಸಕ್ಕೂ ಹಾಕಿ.

ಇನ್ನು ಹುಟ್ಟಿನ ಬಗ್ಗೆ ಎರಡು ಮಾತು. ಸಮುದ್ರದ ಕಯಾಕಿಗೆ ಮಾಡಿದ 220 ಸೆಂಟಿಮೀಟರ್ ಹುಟ್ಟನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಕೈಮುಗಿದು ವಾಪಸ್ ಮಾಡಿ. ಇಲ್ಲಿ ಬೇಕಾದದ್ದು ಸಾಮಾನ್ಯವಾಗಿ 191ರಿಂದ 203 ಸೆಂಟಿಮೀಟರಿನೊಳಗಿನದು. ಕಾರ್ಬನ್ ಹಗುರ, ಹೌದು. ಆದರೆ ಬಂಡೆಗೆ ಊರಿ ತಳ್ಳುವ ಅಭ್ಯಾಸ ಹೋಗುವವರೆಗೆ ಫೈಬರ್‌ಗ್ಲಾಸ್ ಸಾಕು. ಹೆಲ್ಮೆಟ್ ಹಾಕಿ ಮುಂದಿನ ಅಂಚನ್ನು ಅಂಗೈಯಿಂದ ಹಿಂದಕ್ಕೆ ದೂಡಿ. ಹಣೆ ಕಂಡರೆ ಅದು ನಿಮ್ಮದಲ್ಲ. ಲೈಫ್ ಜಾಕೆಟಿನ ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಇನ್ನೊಬ್ಬರು ಭುಜ ಹಿಡಿದು ಮೇಲಕ್ಕೆತ್ತಿದರೆ ಅದು ಕಿವಿಯವರೆಗೆ ಏರಬಾರದು. ಬೂಟಿನ ಲೇಸ್ ನೇತಾಡಬಾರದು, ದೋಣಿಯೊಳಗೆ ಪಾದ ಊರುವ ಕಾಲೊತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಹತ್ತಿ ಬಟ್ಟೆ ಒದ್ದೆಯಾದರೆ ಮೈ ಬಿಸಿ ಕಳೆಯುತ್ತದೆ, ಅದು ಮನೆಯಲ್ಲೇ ಇರಲಿ.

ಸಿಟ್ಟು ಬರುವುದು ಅಲಂಕಾರದ ವಿಷಯಕ್ಕೆ. ನೆಟ್ಟಗೆ ನೂರು ಅಡಿ ಹುಟ್ಟು ಹಾಕಲು ಬಾರದವರ ಎದೆಯ ಮೇಲೆ ಚಾಕು ನೇತಾಡುತ್ತಿರುತ್ತದೆ! ಕೇಳಿದರೆ "ಹಗ್ಗ ಸಿಕ್ಕಿಕೊಂಡರೆ ಬೇಕಲ್ಲ" ಎನ್ನುತ್ತಾರೆ. ನೀರಿಗೆ ಬಿದ್ದವರಿಗೆ ಹಗ್ಗ ಎಸೆಯುವುದು ಕಲಿತಿದ್ದೀರಾ ಅಂದರೆ ಮೌನ. ಹದಿನೈದು ಇಪ್ಪತ್ತು ಮೀಟರಿನ ತೇಲುವ ಹಗ್ಗದ ಚೀಲ ಕೊಂಡಿದ್ದರೆ ಮೊದಲು ಬಯಲಿನಲ್ಲಿ ಎಸೆದು ಕಲಿಯಿರಿ, ಚಾಕಿನ ಮಾತು ಆಮೇಲೆ. ಹೆಲ್ಮೆಟ್ ನೆತ್ತಿಯ ಮೇಲೆ ಕ್ಯಾಮರಾ ಕೂರಿಸುವವರದ್ದು ಇನ್ನೊಂದು. ನೀರಿನೊಳಗಿನ ಕೊಂಬೆಗೆ ಅದು ಸಿಕ್ಕಿದರೆ ಕತ್ತು ತಿರುಚುತ್ತದೆ ಎಂಬುದು ಯಾವ ವಿಡಿಯೋದಲ್ಲೂ ಬರುವುದಿಲ್ಲ. ಅದೇ ದುಡ್ಡಿನಲ್ಲಿ ದೋಣಿಯ ಹಿಂಬದಿಗೆ ತುಂಬುವ ಗಾಳಿಚೀಲ ಒಂದು ಜೊತೆ ತರಬಹುದು. ಒಂದು ಲೀಟರ್ ನೀರು ಒಂದು ಕಿಲೋ. ಇನ್ನೂರೈವತ್ತು ಲೀಟರ್ ಹಿಡಿಸುವ ದೋಣಿ ತುಂಬಿಕೊಂಡರೆ ಕಾಲು ಟನ್ ಆಯಿತು, ಅದನ್ನು ಹರಿವಿನಿಂದ ದಡಕ್ಕೆ ಎಳೆಯುವವರು ನಿಮ್ಮ ಸ್ನೇಹಿತರು. ಗಾಳಿ ತುಂಬಿದ ಜಾಗಕ್ಕೆ ನೀರು ಬರುವುದಿಲ್ಲ.

ಹಳೆಯ ದೋಣಿ ಕೊಳ್ಳುವವರು ಮಗುಚಿ ನೋಡಿ. ಸೀಟಿನ ಕೆಳಗಿನ ತಳವನ್ನೂ ಹಿಂಬದಿಯ ತುದಿಯನ್ನೂ ಹೆಬ್ಬೆರಳಿನಿಂದ ಒತ್ತಿ. ಸವೆತ ಮೊದಲು ಅಲ್ಲೇ, ಸುಲಭವಾಗಿ ಒಳಕ್ಕೆ ಹೋದರೆ ಪ್ಲಾಸ್ಟಿಕ್ ತೆಳುವಾಗಿದೆ. ಬದಿಯಲ್ಲಿ ಕೊರೆದ ಹಲ್ ನಂಬರಿನ (ದೋಣಿಯ ಗುರುತಿನ ಸಂಖ್ಯೆಯ) ಕೊನೆಯ ಎರಡು ಅಂಕಿ ಮಾದರಿಯ ವರ್ಷ, ಮಾರುವವರು "ಎರಡೇ ವರ್ಷ ಹಳೆಯದು" ಅಂದರೆ ಅದನ್ನು ಓದಿಕೊಳ್ಳಿ. ಒಳಗೆ ಕೂತು ಕಾಲೊತ್ತಿಗೆಯ ಎರಡೂ ಬದಿಯ ಸ್ಕ್ರೂ ಒಂದೇ ಸಂಖ್ಯೆಯ ತೂತಿನಲ್ಲಿವೆಯೇ, ಪಾದ ಅದರ ಆಚೆಗೆ ಜಾರುವಷ್ಟು ಸಂದು ಇದೆಯೇ ನೋಡಿ. ಇದ್ದರೆ ಫೋಮ್ ತುಂಬಿಸಿ. ಇಪ್ಪತ್ತು ನಿಮಿಷ ಎದ್ದೇಳಬೇಡಿ. ಎರಡು ನಿಮಿಷಕ್ಕೆ ಎಲ್ಲಾ ದೋಣಿಯೂ ಹಿತವೇ, ಕಾಲು ಜೋಮು ಹಿಡಿಯುವುದು ಆಮೇಲೆ. ಕೊನೆಗೆ ನೀರು ಬಸಿಯುವ ಪ್ಲಗ್. ಅದರ ರಬ್ಬರ್ ವಾಷರ್ ಇದೆಯೇ ನೋಡಿ, ಇಲ್ಲದಿದ್ದರೆ ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಒಬ್ಬ ತಯಾರಕರ ಪ್ಲಗ್ಗಿನ ತಿರುಪು ಇನ್ನೊಬ್ಬರ ತೂತಿಗೆ ಹೊಂದದೆ ಇರಬಹುದು, ಆದ್ದರಿಂದ ನಿಮ್ಮ ಮಾದರಿಯದೇ ಇನ್ನೊಂದು ತರಿಸಿ ಲೈಫ್ ಜಾಕೆಟಿನ ಕಿಸೆಯಲ್ಲಿ ಹಾಕಿಕೊಂಡಿರಿ. ಚಾಕು ಇಡಲೆಂದು ಹೊಲಿದ ಕಿಸೆ ಹೇಗೂ ಖಾಲಿ ಇರುತ್ತದೆ.