ಪುಡಿ ನೋಟು, ಗಟ್ಟಿ ಕಾಸು

ಯಾವ ದೇಶದ್ದಾದರೂ ಸರಿ, ತೀರಾ ಚಿಕ್ಕ ಬೆಲೆಯ ಒಂದು ನೋಟನ್ನು ಕೈಗೆತ್ತಿಕೊಂಡು ಸುಮ್ನೆ ಒಂದು ನಿಮಿಷ ನೋಡಿ. ಮಡಿಕೆ ಬಿದ್ದು ಬಿದ್ದು ನಡುವಿನ ಶಾಯಿಯೇ ಎದ್ದುಹೋಗಿರುತ್ತದೆ. ನಾಲ್ಕು ಮೂಲೆಗಳಲ್ಲಿ ಎರಡು ದುಂಡಗಾಗಿರುತ್ತವೆ, ಒಂದು ಇರುವುದೇ ಇಲ್ಲ. ಅಡ್ಡ ಮಡಿಕೆ, ಉದ್ದ ಮಡಿಕೆ ಸೇರುವ ಕಡೆ ಸೂಜಿ ತೂರುವಷ್ಟು ತೂತು. ಅಂಚಿನಲ್ಲಿ ಯಾರೋ ಪೆನ್ನಿನಲ್ಲಿ ಮಾಡಿದ ಕೂಡುವ ಲೆಕ್ಕ, ಅದೂ ತಪ್ಪು ಲೆಕ್ಕ. ಹಿಂದೆ ಒಂದು ತುಂಡು ಟೇಪು. ಮೂಗಿನ ಹತ್ತಿರ ತರುವ ಸಾಹಸವಂತೂ ಬೇಡ. ಈಗ ಅದೇ ದೇಶದ ದೊಡ್ಡ ನೋಟು ನೋಡಿ. ಗರಿಗರಿಯಾಗಿರುತ್ತದೆ, ಮಡಿಕೆ ಒಂದೋ ಎರಡೋ. ವಯಸ್ಸಿನಲ್ಲಿ ಎರಡಕ್ಕೂ ಅಂಥ ಅಂತರ ಇರಲಿಕ್ಕಿಲ್ಲ. ದೊಡ್ಡದು ಬೀರುವಿನಲ್ಲಿ ಮಲಗಿಕೊಂಡೇ ಬೆಳೆದದ್ದು. ಚಿಕ್ಕದು ಮನೆಯ ಕಿರಿಮಗನಿದ್ದ ಹಾಗೆ, ಎಲ್ಲ ಓಡಾಟವೂ ಅದರ ತಲೆಗೇ.

ಇದನ್ನು ನೋಡಿದಾಗಲೆಲ್ಲ ಖಜಾನೆಯವರ ತಲೆಯಲ್ಲಿ ಒಂದು ಯೋಚನೆ ಸುಳಿಯುತ್ತದೆ. ಈ ಬಡಪಾಯಿ ಕಾಗದಕ್ಕೆ ನಿವೃತ್ತಿ ಕೊಟ್ಟು ಅದರ ಜಾಗಕ್ಕೆ ಒಂದು ನಾಣ್ಯ ತಂದರೆ ಹೇಗೆ? ವಾದ ಸರಳವಾಗಿದೆ. ಚಿಕ್ಕ ನೋಟು ಕೆಲವೇ ವರ್ಷಕ್ಕೆ ಚಿಂದಿಯಾಗಿ ಬ್ಯಾಂಕಿಗೆ ಮರಳುತ್ತದೆ. ನಾಣ್ಯ ಮೂವತ್ತು ವರ್ಷ ಆರಾಮಾಗಿ ಓಡುತ್ತದೆ. ನಾಣ್ಯ ಮಾಡುವ ಖರ್ಚು ನೋಟು ಅಚ್ಚು ಹಾಕುವ ಖರ್ಚಿಗಿಂತ ಜಾಸ್ತಿ, ನಿಜ. ಆದರೆ ಒಂದು ನಾಣ್ಯದ ಆಯುಸ್ಸಿನಲ್ಲಿ ಎಷ್ಟೋ ನೋಟುಗಳು ಹುಟ್ಟಿ ಸತ್ತಿರುತ್ತವೆ. ಕೇಳಿದರೆ ತಲೆಯಾಡಿಸಬೇಕು ಅನಿಸುತ್ತದೆ.

ತಮಾಷೆ ಅಂದರೆ, ನೋಟು ಹುಟ್ಟಿದ್ದೇ ನಾಣ್ಯದ ಕಾಟ ತಾಳಲಾರದೆ. ಸಾವಿರ ವರ್ಷದ ಹಿಂದೆ ಚೀನಾದ ಸಿಚುವಾನ್ ಪ್ರಾಂತದಲ್ಲಿ ಓಡುತ್ತಿದ್ದದ್ದು ಕಬ್ಬಿಣದ ನಾಣ್ಯ. ಬೆಲೆ ಕಡಿಮೆ, ಭಾರ ಜಾಸ್ತಿ. ಹೊತ್ತು ಸಾಕಾದ ವ್ಯಾಪಾರಿಗಳು ನಾಣ್ಯವನ್ನು ಒಂದು ಕಡೆ ಇಟ್ಟು ಅದರ ಚೀಟಿಯನ್ನಷ್ಟೇ ಕೈ ಬದಲಾಯಿಸತೊಡಗಿದರು. 1020ರ ದಶಕದಲ್ಲಿ ಸಾಂಗ್ ಸರ್ಕಾರ ಆ ಚೀಟಿ ಹೊರಡಿಸುವ ಕೆಲಸವನ್ನು ತಾನೇ ವಹಿಸಿಕೊಂಡಿತು. ಸ್ವೀಡನ್ನಿನವರದು ಇನ್ನೂ ಘೋರ. ಅಲ್ಲಿ ಬೆಳ್ಳಿ ಕಡಿಮೆ, ತಾಮ್ರ ಬೇಕಾದಷ್ಟು. 1644ರಲ್ಲಿ ಅಲ್ಲಿನ ಹಣದಲ್ಲಿ ಹತ್ತು ದಾಲರ್‌ಗೆ ಅಂತ ಒಂದು ತಾಮ್ರದ ಹಲಗೆ ಮಾಡಿದರು. ತೂಕ ಹತ್ತೊಂಬತ್ತು ಕಿಲೋಗೂ ಮೇಲೆ. ಅದನ್ನು ಕದಿಯಲಿಕ್ಕೆ ಕಳ್ಳನೂ ಒಬ್ಬ ಜೊತೆಗಾರನನ್ನು ಕರೆತರಬೇಕಿತ್ತೇನೋ. ಯುರೋಪಿನ ಮೊದಲ ಬ್ಯಾಂಕ್ ನೋಟು 1661ರಲ್ಲಿ ಸ್ಟಾಕ್‌ಹೋಮಿನಲ್ಲೇ ಹೊರಬಿತ್ತು ಅಂದರೆ ಆಶ್ಚರ್ಯವೇನಿಲ್ಲ. ಇಷ್ಟೆಲ್ಲ ಒದ್ದಾಡಿ ಭಾರ ಇಳಿಸಿಕೊಂಡ ಮನುಷ್ಯನಿಗೆ ಈಗ ಮತ್ತೆ ಹೊತ್ತುಕೋ ಅನ್ನುತ್ತಿದ್ದೇವೆ.

ಹೊತ್ತುಕೊಂಡವರೂ ಇದ್ದಾರೆ. ಬ್ರಿಟನ್ 1983ರ ಏಪ್ರಿಲ್‌ನಲ್ಲಿ ಒಂದು ಪೌಂಡಿನ ನಾಣ್ಯ ತಂದಿತು. ಜನ ಗೊಣಗಿದರು. 1988ರ ಮಾರ್ಚ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಒಂದು ಪೌಂಡಿನ ನೋಟು ಹೋಯಿತು. ಗೊಣಗಾಟ ಎಷ್ಟು ದಿನ ನಡೆದೀತು? ಸ್ಕಾಟ್ಲೆಂಡಿನಲ್ಲಿ ಮಾತ್ರ ಪೌಂಡಿನ ನೋಟು ಪೂರ್ತಿ ಸಾಯಲಿಲ್ಲ, ಅಲ್ಲಿನವರ ಹಟವೇ ಬೇರೆ. ಆಸ್ಟ್ರೇಲಿಯಾ 1984ರಲ್ಲಿ ಒಂದು ಡಾಲರನ್ನೂ 1988ರಲ್ಲಿ ಎರಡು ಡಾಲರನ್ನೂ ಲೋಹಕ್ಕೆ ಇಳಿಸಿತು. ಎರಡು ಡಾಲರಿನದು ಒಂದು ಡಾಲರಿನದಕ್ಕಿಂತ ಚಿಕ್ಕ ನಾಣ್ಯ. ಇದು ಯಾರ ತಲೆಗೆ ಹೊಳೆಯಿತೋ!

ಕೆನಡಾದ ಕಥೆ ನನಗೆ ತುಂಬ ಇಷ್ಟ. ಒಂದು ಡಾಲರಿನ ಹೊಸ ನಾಣ್ಯಕ್ಕೆ ಅವರು ಮೊದಲು ಆರಿಸಿದ್ದು ದೋಣಿಯಲ್ಲಿ ಹುಟ್ಟು ಹಾಕುವವರ ಚಿತ್ರ. 1986ರಲ್ಲಿ ಅದರ ಅಚ್ಚುಗಳನ್ನು ಒಟ್ಟಾವಾದಿಂದ ವಿನಿಪೆಗ್ ಟಂಕಸಾಲೆಗೆ ಕಳಿಸಿದರು. ಅಚ್ಚು ದಾರಿಯಲ್ಲೇ ಕಳೆದುಹೋಯಿತು! ಯಾರ ಕೈಗೆ ಸಿಕ್ಕಿದೆಯೋ, ಯಾರು ಖೋಟಾ ಹೊಡೆಯುತ್ತಾರೋ ಅಂತ ಹೆದರಿ ಚಿತ್ರವನ್ನೇ ಬದಲಾಯಿಸಿದರು. ದೋಣಿಯವರ ಜಾಗಕ್ಕೆ ಲೂನ್ ಅನ್ನುವ ನೀರುಹಕ್ಕಿ ಬಂತು. 1987ರಲ್ಲಿ ನಾಣ್ಯ ಜನರ ಕೈಗೆ ಬಂದಾಗ ಅವರು ಅದಕ್ಕೆ 'ಲೂನಿ' ಅಂತ ಹೆಸರಿಟ್ಟುಬಿಟ್ಟರು. ಎರಡು ವರ್ಷದಲ್ಲಿ ಒಂದು ಡಾಲರಿನ ನೋಟು ನಿಂತಿತು. 1996ರಲ್ಲಿ ಎರಡು ಡಾಲರಿಗೂ ನಾಣ್ಯ ಬಂತು, ಹೊರಗೊಂದು ಲೋಹದ ಉಂಗುರ, ಒಳಗೊಂದು ಲೋಹದ ಬಿಲ್ಲೆ. ಶುರುವಿನಲ್ಲಿ ಕೆಲವದರ ಬಿಲ್ಲೆ ಕಳಚಿ ಬಿದ್ದು ಬರೀ ಉಂಗುರ ಉಳಿಯುತ್ತಿತ್ತು. ಆದರೂ ಜನ ಹೊಂದಿಕೊಂಡರು. ಹೊಂದಿಕೊಳ್ಳದೆ ಏನು ಮಾಡುತ್ತಾರೆ, ನೋಟು ಇರಲೇ ಇಲ್ಲವಲ್ಲ.

ಗುಟ್ಟು ಇರುವುದು ಇಲ್ಲೇ. ನೋಟು ತೆಗೆದವರು ಗೆದ್ದರು. ಎರಡನ್ನೂ ಇಟ್ಟುಕೊಂಡು, ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಅಂತ ಉದಾರವಾಗಿ ಹೇಳಿದವರು ಸೋತರು. ಸೋಲಿನಲ್ಲಿ ಮೊದಲ ಸ್ಥಾನ ಅಮೆರಿಕದ್ದು. 1979ರಲ್ಲಿ ಅವರು ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಟನಿಯ ಮುಖವಿರುವ ಡಾಲರ್ ನಾಣ್ಯ ತಂದರು. ಉದ್ದೇಶ ಒಳ್ಳೆಯದೇ. ಆದರೆ ನಾಣ್ಯದ ಅಡ್ಡಳತೆ 26.5 ಮಿಲಿಮೀಟರ್. ಕಾಲು ಡಾಲರಿನದು 24 ಚಿಲ್ಲರೆ. ಎರಡಕ್ಕೂ ಅದೇ ಬೆಳ್ಳಿಬಣ್ಣ, ಅಂಚಿನಲ್ಲಿ ಅವೇ ಗೀರುಗಳು. ಗೊತ್ತಾಗಲಿ ಅಂತ ಮುಖದ ಸುತ್ತ ಹನ್ನೊಂದು ಮೂಲೆಯ ಚೌಕಟ್ಟು ಕೆತ್ತಿದ್ದರು, ಅದೂ ದುಂಡು ನಾಣ್ಯದ ಒಳಗೆ. ಜೇಬಿನೊಳಗೆ ಕೈ ಹಾಕಿದ ಬೆರಳಿಗೆ ಆ ಮೂಲೆಗಳು ಹೇಗೆ ತಿಳಿಯಬೇಕು? ಕಾಲು ಡಾಲರ್ ಅಂದುಕೊಂಡು ಪೂರಾ ಡಾಲರ್ ಕೊಟ್ಟುಬಿಡುವ ಭಯದಲ್ಲಿ ಜನ ಅದನ್ನು ಮುಟ್ಟಲೇ ಇಲ್ಲ. 2000ದಲ್ಲಿ ಚಿನ್ನದ ಬಣ್ಣ ಕೊಟ್ಟು, ಅಂಚು ನುಣುಪು ಮಾಡಿ ಇನ್ನೊಂದು ತಂದರು. 2007ರಿಂದ ಅಧ್ಯಕ್ಷರ ಮುಖಗಳದ್ದೇ ಒಂದು ಸಾಲು ಶುರುಮಾಡಿದರು. 2011ರ ಕೊನೆಗೆ ನೋಡಿದರೆ ಸುಮಾರು 140 ಕೋಟಿ ಡಾಲರ್ ನಾಣ್ಯಗಳು ಯಾರಿಗೂ ಬೇಡವಾಗಿ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ನೆಲಮಾಳಿಗೆಗಳಲ್ಲಿ ಕೂತಿದ್ದವು. ಚಲಾವಣೆಗೆ ಅಂತ ಟಂಕಿಸುವುದನ್ನೇ ನಿಲ್ಲಿಸಿದರು.

ಈ ನಾಣ್ಯಗಳನ್ನು ನಿಜವಾಗಿ ಪ್ರೀತಿಸಿದವರು ಒಂದೇ ಗುಂಪಿನವರು. ಜನ ಬಳಸಲಿ ಅಂತ ಟಂಕಸಾಲೆ ನಾಣ್ಯಗಳನ್ನು ಮುಖಬೆಲೆಗೇ, ಸಾಗಣೆ ಖರ್ಚೂ ತಾನೇ ಹಾಕಿಕೊಂಡು ಮನೆಗೆ ಕಳಿಸುತ್ತಿತ್ತು. ಕ್ರೆಡಿಟ್ ಕಾರ್ಡೂ ನಡೆಯುತ್ತಿತ್ತು. ಕೆಲವು ಬುದ್ಧಿವಂತರು ಕಾರ್ಡಿನಲ್ಲಿ ಸಾವಿರಗಟ್ಟಲೆ ಡಾಲರಿನ ನಾಣ್ಯ ತರಿಸಿದರು. ಡಬ್ಬ ಒಡೆಯುವ ಗೋಜಿಗೂ ಹೋಗದೆ ಸೀದಾ ಬ್ಯಾಂಕಿಗೆ ಹೊತ್ತುಹಾಕಿ ಕಾರ್ಡಿನ ಸಾಲ ತೀರಿಸಿದರು. ಕಾರ್ಡು ಬಳಸಿದ್ದಕ್ಕೆ ಇನಾಮಾಗಿ ಬಂದ, ವಿಮಾನದ ಟಿಕೆಟ್ಟಿಗೆ ನಡೆಯುವ ಮೈಲಿಗಳು ಪುಕ್ಕಟೆ! 2011ರಲ್ಲಿ ಕಾರ್ಡಿಗೆ ಕೊಡುವುದು ನಿಂತಿತು. ನಾಣ್ಯ ಜೇಬಿಂದ ಜೇಬಿಗೆ ಹೋಗಲಿಲ್ಲ, ಅದರ ಹೆಸರಿನಲ್ಲಿ ಜನ ಆಕಾಶದಲ್ಲಿ ಊರೂರು ತಿರುಗಿದರು.

ಇನ್ನು ಜೇಬಿನ ವಿಷಯ. ನೋಟು ಪರ್ಸಿನಲ್ಲಿ ಇರುತ್ತದೆ, ನಾಣ್ಯ ಜೇಬಿನಲ್ಲಿ ಇರುತ್ತದೆ. ಇದು ಸಣ್ಣ ಮಾತಲ್ಲ. ಪರ್ಸಿನಲ್ಲಿರುವುದನ್ನು ನಾವು ಎಣಿಸುತ್ತೇವೆ. ಜೇಬಿನಲ್ಲಿರುವುದನ್ನು ಎಣಿಸುವುದಿಲ್ಲ, ಬರೀ ಸದ್ದು ಕೇಳುತ್ತೇವೆ. ಯುರೋ ಬಂದಾಗ ಚಿಕ್ಕ ಮೊತ್ತಕ್ಕೂ ಲಿರಾ ನೋಟು ಎಣಿಸಿ ರೂಢಿಯಿದ್ದ ಇಟಲಿಯವರ ಕೈಗೆ ಒಂದು, ಎರಡು ಯುರೋ ನಾಣ್ಯವಾಗಿಯೇ ಬಂತು. ದುಡ್ಡು ಗೊತ್ತಿಲ್ಲದೆ ಜಾರಿಹೋಗುತ್ತಿದೆ, ಇವಕ್ಕೂ ನೋಟು ಬೇಕು ಅಂತ ಕೂಗು ಎದ್ದಿತು. ಯುರೋಪಿನ ಕೇಂದ್ರ ಬ್ಯಾಂಕು 2004ರಲ್ಲಿ ಆಗುವುದಿಲ್ಲ ಅಂದಿತು. ಇದೇ ಇಟಲಿಯಲ್ಲಿ 1970ರ ದಶಕದಲ್ಲಿ ನಾಣ್ಯವೇ ಸಿಗದೆ ಪರದಾಡಿದ್ದರು ಅನ್ನುವುದನ್ನೂ ಹೇಳಬೇಕು. ಆಗ ಚಿಲ್ಲರೆಗೆ ಬದಲು ಮಿಠಾಯಿ ಕೊಡುತ್ತಿದ್ದರು, ಟೆಲಿಫೋನಿನ ಬಿಲ್ಲೆ ಕೊಡುತ್ತಿದ್ದರು. ಕೊನೆಗೆ ಬ್ಯಾಂಕುಗಳೇ ನೂರು ನೂರೈವತ್ತು ಲಿರಾದ ಪುಟಾಣಿ ಚೆಕ್ಕು ಅಚ್ಚು ಹಾಕಿ ಹಂಚಿದವು. ನಾಣ್ಯ ಇದ್ದರೂ ಗೋಳು, ಇಲ್ಲದಿದ್ದರೂ ಗೋಳು.

ರಾತ್ರಿ ಜೇಬು ಖಾಲಿ ಮಾಡುವಾಗ ನೋಟು ಪರ್ಸಿನಲ್ಲೇ ಉಳಿಯುತ್ತದೆ. ನಾಣ್ಯ ಮೇಜಿನ ಮೇಲೆ ಬೀಳುತ್ತದೆ, ಅಲ್ಲಿಂದ ಒಂದು ಡಬ್ಬಕ್ಕೆ. ಬೆಳಿಗ್ಗೆ ಡಬ್ಬದಿಂದ ತೆಗೆದು ಜೇಬಿಗೆ ಹಾಕಿಕೊಳ್ಳುವವರನ್ನು ನಾನು ಕಂಡಿಲ್ಲ. ಡಬ್ಬ ತುಂಬಿದ ಮೇಲೆ ಇನ್ನೊಂದು ಡಬ್ಬ. ಖರ್ಚು ಮಾಡಲಿಕ್ಕೆ ಅದು ದುಡ್ಡು ಅಂತ ಅನಿಸುವುದಿಲ್ಲ, ಎಸೆಯಲಿಕ್ಕೆ ಕಸ ಅಂತಲೂ ಅನಿಸುವುದಿಲ್ಲ.

ಈ ಡಬ್ಬವೇ ನಾಣ್ಯದ ಲಾಭದ ಬೇರು ಅಂತ ಗೊತ್ತಾದಾಗ ನನಗೆ ನಗು ಬಂತು. ಅಮೆರಿಕದ ಸಂಸತ್ತಿಗೆ ಲೆಕ್ಕ ನೋಡಿ ವರದಿ ಕೊಡುವ ಜಿ.ಎ.ಒ. ಎಂಬ ಸಂಸ್ಥೆ ಇದೆ. ಡಾಲರ್ ನೋಟು ತೆಗೆದು ನಾಣ್ಯ ತನ್ನಿ ಅಂತ ಅದು ವರ್ಷಗಟ್ಟಲೆ ಹೇಳುತ್ತಾ ಬಂದಿತ್ತು. 2012ರ ಅದರ ಅಂದಾಜಿನ ಪ್ರಕಾರ ಮೂವತ್ತು ವರ್ಷದಲ್ಲಿ ಸರ್ಕಾರಕ್ಕೆ 440 ಕೋಟಿ ಡಾಲರ್ ಲಾಭ. ಆ ಲಾಭ ಎಲ್ಲಿಂದ? ಅಚ್ಚಿನ ಖರ್ಚು ಉಳಿದದ್ದರಿಂದ ಅಲ್ಲ. ಒಂದು ನೋಟಿನ ಜಾಗಕ್ಕೆ ಒಂದೂವರೆ ನಾಣ್ಯ ಬೇಕಾಗುತ್ತದೆ ಅಂತ ಅವರು ಹಿಡಿದಿದ್ದರು, ಯಾಕೆಂದರೆ ನಾಣ್ಯ ತಿರುಗುವುದಿಲ್ಲ, ಕೂತುಬಿಡುತ್ತದೆ. ಮಾಡಲಿಕ್ಕೆ ತಗಲುವ ಖರ್ಚು ಕಳೆದು ನಾಣ್ಯದ ಮುಖಬೆಲೆಯಲ್ಲಿ ಉಳಿದದ್ದು ಸರ್ಕಾರದ ಆದಾಯ. ಅಂದರೆ ನಮ್ಮ ಡಬ್ಬದಲ್ಲಿ ಕೂತಿರುವ ಕಾಸು ನಾವು ಸರ್ಕಾರಕ್ಕೆ ಬಡ್ಡಿಯಿಲ್ಲದೆ ಕೊಟ್ಟ ಸಾಲ. ನಾವು ಸೋಮಾರಿಗಳಾದಷ್ಟೂ ಖಜಾನೆಗೆ ಒಳ್ಳೆಯದು!

2019ರಲ್ಲಿ ಅದೇ ಸಂಸ್ಥೆ ಮತ್ತೆ ಲೆಕ್ಕ ಹಾಕಿತು. ಈ ಸಲ ಉತ್ತರ ಉಲ್ಟಾ. ನೋಟು ಮೊದಲಿಗಿಂತ ಎಷ್ಟೋ ಜಾಸ್ತಿ ವರ್ಷ ಬಾಳತೊಡಗಿತ್ತು. ಹಳೆ ನೋಟುಗಳನ್ನು ಪರೀಕ್ಷಿಸುವ ಯಂತ್ರಗಳು ಸುಧಾರಿಸಿದ್ದರಿಂದ ಇನ್ನೂ ಗಟ್ಟಿಯಿರುವವನ್ನು ಸುಮ್ನೆ ಚೂರು ಮಾಡುವುದು ತಪ್ಪಿತ್ತು. ಜನ ನಗದು ಮುಟ್ಟುವುದೂ ಕಡಿಮೆಯಾಗಿತ್ತು. ಹೀಗಾಗಿ ನಾಣ್ಯ ತಂದರೆ ಮೂವತ್ತು ವರ್ಷದಲ್ಲಿ 61 ಕೋಟಿಯಿಂದ 260 ಕೋಟಿ ಡಾಲರ್‌ವರೆಗೆ ನಷ್ಟ ಅಂತ ಹೊಸ ಅಂದಾಜು ಬಂತು. ನಾಣ್ಯದ ವಕೀಲರು ಕೋರ್ಟಿನಲ್ಲೇ ಎದುರು ಪಕ್ಷಕ್ಕೆ ಸೇರಿಕೊಂಡರು ಅನ್ನಿ.

ನಾಣ್ಯಕ್ಕೂ ಅದರದೇ ಖೋಟಾ ಕಾಟ ಇದೆ. ಜಪಾನಿನ 500 ಯೆನ್ ನಾಣ್ಯಕ್ಕೂ ಕೊರಿಯಾದ 500 ವಾನ್ ನಾಣ್ಯಕ್ಕೂ ಲೋಹ ಒಂದೇ, ಅಗಲ ಒಂದೇ. ವಾನ್ ನಾಣ್ಯ ಯೆನ್‌ಗಿಂತ ಅರ್ಧ ಗ್ರಾಮಿನಷ್ಟು ಹೆಚ್ಚು ಭಾರ, ಬೆಲೆ ಮಾತ್ರ ಹತ್ತನೇ ಒಂದು ಪಾಲಿನ ಆಸುಪಾಸು. 1990ರ ದಶಕದಲ್ಲಿ ಖದೀಮರು ವಾನ್ ನಾಣ್ಯದಲ್ಲಿ ಸಣ್ಣ ಗುಳಿ ಕೊರೆದು ಆ ಅರ್ಧ ಗ್ರಾಮು ಇಳಿಸಿ, ಜಪಾನಿನ ಮಾರಾಟ ಯಂತ್ರಗಳಿಗೆ ತುರುಕುತ್ತಿದ್ದರು. ಯಂತ್ರ ನಂಬುತ್ತಿತ್ತು. 2000ದಲ್ಲಿ ಜಪಾನು ನಾಣ್ಯದ ಲೋಹವನ್ನೇ ಬದಲಾಯಿಸಬೇಕಾಯಿತು. ಬ್ರಿಟನ್ನಿನ ದುಂಡು ಪೌಂಡಿನಲ್ಲಂತೂ ಮೂವತ್ತಕ್ಕೆ ಒಂದು ಖೋಟಾ ಅನ್ನುವ ಮಟ್ಟಕ್ಕೆ ಬಂದು, 2017ರಲ್ಲಿ ಹನ್ನೆರಡು ಮೂಲೆಯ ಪೌಂಡು ಹುಟ್ಟಿತು.

ಭಾರತದಲ್ಲಿ ಇದರ ಉಲ್ಟಾ ಆಯಿತು. ಅಸಲಿ ನಾಣ್ಯವನ್ನೇ ಖೋಟಾ ಅಂದರು. ಹತ್ತು ರೂಪಾಯಿ ನಾಣ್ಯ ಬೇರೆ ಬೇರೆ ವರ್ಷ ಬೇರೆ ಬೇರೆ ವೇಷದಲ್ಲಿ ಬಂದಿತ್ತು. ಕೆಲವದರಲ್ಲಿ ರೂಪಾಯಿ ಚಿಹ್ನೆ ಇದೆ, ಕೆಲವದರಲ್ಲಿ ಇಲ್ಲ. ಇಷ್ಟು ಸಾಕಾಯಿತು. ಇದು ನಡೆಯಲ್ಲ, ಅದು ನಡೆಯುತ್ತೆ ಅಂತ ಗಾಳಿಮಾತು ಹಬ್ಬಿತು. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ, ಎಲ್ಲವೂ ಸರಿ ಅಂತ ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಪ್ರಕಟಣೆಯನ್ನೇ ಹೊರಡಿಸಬೇಕಾಯಿತು. ಸವೆದು ಸಾಯುತ್ತಿದ್ದ ಹತ್ತರ ನೋಟಿನ ಮೇಲೆ ಯಾರಿಗೂ ಇಂಥ ಅನುಮಾನ ಬಂದಿರಲಿಲ್ಲ. ಅದೇ ದೇಶ ಒಂದು ರೂಪಾಯಿ ನೋಟನ್ನು ಖರ್ಚು ಜಾಸ್ತಿ ಅಂತ 1994ರಲ್ಲಿ ನಿಲ್ಲಿಸಿ, 2015ರಲ್ಲಿ ಮತ್ತೆ ತಂದಿತು. ತರ್ಕ ಹುಡುಕಬೇಡಿ.

ನನ್ನನ್ನು ಕೇಳಿದರೆ ನಾಣ್ಯ ಬರಲಿ. ಚಿಂದಿ ನೋಟನ್ನು ಟೇಪು ಹಚ್ಚಿ ಪಕ್ಕದವನಿಗೆ ದಾಟಿಸುವ ಆಟ ಸಾಕು. ಆದರೆ ಬರುವ ನಾಣ್ಯವನ್ನು ಕತ್ತಲೆಯಲ್ಲೂ ಬೆರಳು ಗುರುತಿಸಬೇಕು. ಕಣ್ಣು ಕಾಣದವರಿಗೆ ಇದು ಅನುಕೂಲವಲ್ಲ, ಅಗತ್ಯ. ವಿನ್ಯಾಸ ಒಂದೇ ಇರಲಿ, ಎರಡು ವರ್ಷಕ್ಕೊಮ್ಮೆ ವೇಷ ಬದಲಾಗದಿರಲಿ. ನಾಣ್ಯ ಬಂದ ಸ್ವಲ್ಪ ದಿನಕ್ಕೆ ನೋಟು ಹೋಗಲೇಬೇಕು. ಜನಮತ ಸಂಗ್ರಹ, ಸಮೀಕ್ಷೆ, ನಿಮ್ಮ ಇಷ್ಟ ಏನು ಅನ್ನುವ ಪ್ರಶ್ನೆ, ಇದ್ಯಾವುದೂ ಬೇಡ. ಇಷ್ಟು ಹೊತ್ತು ನಾಣ್ಯದ ಪರ ಮಾತಾಡಿದ ನನಗೇ ಚಿಲ್ಲರೆ ವಾಪಸ್ ಕೊಡುವವರು ನಾಣ್ಯ ಕೊಡಲಾ, ನೋಟು ಕೊಡಲಾ ಅಂತ ಕೇಳಿದರೆ, ಬಾಯಿಗೆ ಮೊದಲು ಬರುವ ಮಾತು "ನೋಟಿದ್ರೆ ನೋಟೇ ಕೊಡಿ" ಅಂತಲೇ.