ಹಾಡಿದವರಿಗೇ ಗೊತ್ತಿರಲಿಲ್ಲ!

1974ರ ಹಾಲಿವುಡ್ ಕೌಬಾಯ್ ಹಾಸ್ಯಚಿತ್ರ 'ಬ್ಲೇಜಿಂಗ್ ಸ್ಯಾಡಲ್ಸ್' ಬಗ್ಗೆ ನೀವು ಬರೆದ ತೆರೆಮರೆಯ ಕಥೆಗಳನ್ನು ಓದಿ ಖುಷಿಯಾಯ್ತು ಸರ್. ನಟ ಗಿಗ್ ಯಂಗ್ ಶೂಟಿಂಗ್ ಶುರುವಾದ ಮೊದಲ ದಿನವೇ ಹುಷಾರು ತಪ್ಪಿ, ಆ ಜಾಗಕ್ಕೆ ಜೀನ್ ವೈಲ್ಡರ್ ಓಡೋಡಿ ಬಂದದ್ದನ್ನು ಚೆನ್ನಾಗಿ ಬರೆದಿದ್ದೀರಿ. ಆದರೆ ಶೀರ್ಷಿಕೆ ಗೀತೆಯ ಕಥೆಯನ್ನೇ ಬಿಟ್ಟುಬಿಟ್ಟಿರಲ್ಲ! ನಿರ್ದೇಶಕ ಮೆಲ್ ಬ್ರೂಕ್ಸ್ 'ಫ್ರ್ಯಾಂಕಿ ಲೇನ್ ಥರ ಹಾಡೋರು ಬೇಕು' ಅಂತ ಜಾಹೀರಾತು ಕೊಟ್ಟರೆ, ಬಂದು ನಿಂತವರು ಕೌಬಾಯ್ ಸಿನಿಮಾ ಹಾಡುಗಳಿಗೆ ಹೆಸರಾದ ಆ ಗಾಯಕ, ಸಾಕ್ಷಾತ್ ಫ್ರ್ಯಾಂಕಿ ಲೇನ್. ಇದು ಹಾಸ್ಯಚಿತ್ರ ಅಂತ ಅವರಿಗೆ ಯಾರೂ ಹೇಳಲಿಲ್ಲ. ಅಪ್ಪಟ ಕೌಬಾಯ್ ಸಿನಿಮಾ ಅಂದುಕೊಂಡು, ಎದೆ ತುಂಬಿ ಹಾಡಿಬಿಟ್ಟರು. ಮಧ್ಯೆ ಮಧ್ಯೆ ಚಾವಟಿಯ ಛಟೀರ್ ಸದ್ದು ಬೇರೆ. ಗೊತ್ತಿದ್ದು ಹಾಡಿದ್ದರೆ ದನಿಯಲ್ಲಿ ಎಲ್ಲೋ ಒಂದು ಕಡೆ ನಗು ಇಣುಕಿ, ಮಜಾ ಕೆಡುತ್ತಿತ್ತು ಅಂತ ನನ್ನ ಲೆಕ್ಕ. ಈಗಲೂ ಆ ಹಾಡು ಕೇಳಿದರೆ ಮೊದಲು ನಗು, ಆಮೇಲೆ ಪಾಪ ಅನ್ನಿಸುತ್ತೆ.

ಇನ್ನೊಂದು ತಕರಾರು. ಕಪ್ಪುವರ್ಣೀಯ ಹಾಸ್ಯನಟ ರಿಚರ್ಡ್ ಪ್ರಯರ್ ಬಗ್ಗೆ ಒಂದೇ ಸಾಲಾ? ಬಿಳಿಯರ ಊರೊಂದಕ್ಕೆ ಬರುವ ಕಪ್ಪುವರ್ಣೀಯ ಶೆರಿಫ್ (ಊರಿನ ಪೊಲೀಸ್ ಅಧಿಕಾರಿ) ಪಾತ್ರಕ್ಕೆ ಬ್ರೂಕ್ಸ್‌ಗೆ ಬೇಕಿದ್ದವರೇ ಅವರು. ಸಿನಿಮಾ ಸಂಸ್ಥೆ ವಾರ್ನರ್‌ನವರು ಒಪ್ಪಲಿಲ್ಲ, ಪಾತ್ರ ನಟ ಕ್ಲೀವನ್ ಲಿಟಲ್ ಪಾಲಾಯ್ತು. ಪ್ರಯರ್ ಚಿತ್ರಕಥೆ ಬರೆದ ಐವರಲ್ಲಿ ಒಬ್ಬರಾಗಿಯಷ್ಟೇ ಉಳಿದರು. ಲಿಟಲ್ ಅದ್ಭುತವಾಗಿ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಬಿಳಿಯರ ಊರಿಗೆ ಪ್ರಯರ್ ಕುದುರೆ ಏರಿ ಬಂದಿದ್ದರೆ ಹೇಗಿರುತ್ತಿತ್ತು ಅಂತ ಪ್ರತಿ ಸಲ ನೋಡುವಾಗಲೂ ಯೋಚಿಸ್ತೀನಿ.