ಕೂರುವ ಕಸುಬು

ಕೊಡಗಿನಲ್ಲಿ ಒಬ್ಬರ ಅಂತಸ್ತು ತಿಳಿಯಲು ತೋಟ ಎಷ್ಟು ಎಕರೆ ಎಂದು ಕೇಳಬೇಕಿಲ್ಲ. ಹಾಗೆ ಕೇಳುವುದು ಮರ್ಯಾದೆಯೂ ಅಲ್ಲ. ಅವರು ಎಲ್ಲಿ ಕೂರುತ್ತಾರೆ ಎಂದು ನೋಡಿಕೊಂಡರೆ ಸಾಕು.

ಹಳೆಯ ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲಮನೆ, ಕಟ್ಟಿದವರು ಈ ಲೆಕ್ಕವನ್ನು ಮರದಲ್ಲೇ ಕೊರೆದಿಟ್ಟಿದ್ದಾರೆ. ಮೆಟ್ಟಿಲು ಹತ್ತಿದರೆ ಕೈಯಾಲೆ, ಅಂದರೆ ಮುಂದಿನ ಜಗಲಿ. ಅದರ ಕಂಬಗಳ ನಡುವೆ ಕೂಡಿಸಿದ ಅಗಲವಾದ ದಪ್ಪ ಹಲಗೆಯೇ ಐಮರ. ಅದು ಹಿರಿಯರ ಜಾಗ. ತಲೆಮಾರುಗಳು ಕೂತೂ ಕೂತೂ ಅದು ಕನ್ನಡಿಯಂತೆ ನುಣುಪಾಗಿರುತ್ತದೆ. ಹಿರಿಯರು ಬಂದರೆ ಕಿರಿಯರು ಎದ್ದು ನಿಲ್ಲಬೇಕು. ಕೆಲಸದವರು ಕೆಳಗೆ ಅಂಗಳದಲ್ಲಿ. ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಎತ್ತರವೇ ಹೇಳುತ್ತಿತ್ತು.

1834ರಲ್ಲಿ ರಾಜ್ಯ ಈಸ್ಟ್ ಇಂಡಿಯಾ ಕಂಪನಿಯವರ ಪಾಲಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಕಾಫಿ ತೋಟ ತೆರೆದ. ದೊರೆಗಳು ಬಂದ ಮೇಲೆ ಅವರ ಕುರ್ಚಿಯೂ ಬರಬೇಕಲ್ಲ! ಈಗಲೂ ಹಳೆಯ ಬಂಗಲೆಗಳ ವರಾಂಡದಲ್ಲಿ ಕಾಣುವ ಉದ್ದ ಕೈಯ ಈಸಿ ಚೇರ್ ಅದು. ಬೆನ್ನಿಗೂ ಕೂರುವ ಭಾಗಕ್ಕೂ ಸೇರಿಸಿ ಒಂದೇ ಹಾಸು ಬೆತ್ತದ ಹೆಣಿಗೆ. ಕೈಗಳ ಅಡಿಯಲ್ಲಿ ಮಡಚಿಟ್ಟ ಇನ್ನೊಂದು ಜೊತೆ ಹಲಗೆ. ಅವನ್ನು ಮುಂದಕ್ಕೆ ತಿರುಗಿಸಿ ಕಾಲು ನೀಡಿದರೆ ಬೂಟು ಸರಿಯಾಗಿ ಆಳಿನ ಕೈಗೆ ಸಿಗುತ್ತದೆ. ಅದಕ್ಕೆಂದೇ ಹಾಗೆ ಮಾಡಿದ್ದು ಎನ್ನುವವರಿದ್ದಾರೆ. ನಿಜವಿರಲಿ ಸುಳ್ಳಿರಲಿ, ಆ ಕುರ್ಚಿಯಿಂದ ಒಬ್ಬರೇ ಏಳುವುದು ಕಷ್ಟ ಎನ್ನುವುದಂತೂ ಕೂತವರಿಗೆಲ್ಲ ಗೊತ್ತು.

ಆ ಕುರ್ಚಿಯಲ್ಲಿ ಮಲಗಿ ಮೋಡ ನೋಡುವುದಕ್ಕೆ ತೋಟದ ಭಾಷೆಯಲ್ಲಿ ಉಸ್ತುವಾರಿ ಎಂದು ಹೆಸರು. ತಮಾಷೆಗೆ ಹೇಳುತ್ತಿಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಫೆಬ್ರವರಿ, ಮಾರ್ಚಿನ ಹೂಮಳೆ ಎರಡು ವಾರ ಹಿಂದೆ ಮುಂದೆ ಆದರೆ ಮುಂದಿನ ವರ್ಷದ ಫಸಲೇ ಏರುಪೇರು; ಸ್ಪ್ರಿಂಕ್ಲರ್ ಹಾಕಬೇಕೋ ಕಾಯಬೇಕೋ ಎಂದು ತಲೆ ಕೆಡಿಸಿಕೊಳ್ಳುವುದೂ ಕೆಲಸವೇ. ಆದರೆ ಅದೇ ಹೊತ್ತಿನಲ್ಲಿ ಕಣದ ಬದಿಯ ಸಿಲ್ವರ್ ಮರದ ನೆರಳಲ್ಲಿ ಗೋಣಿ ಹಾಸಿ ಕೂತ ಹೆಂಗಸನ್ನು ನೋಡಿ, ಜೀಪಿನಲ್ಲಿ ಹೋಗುವವರು ‘ಈ ಕಾಲದ ಆಳುಗಳೇ ಹೀಗೆ’ ಅನ್ನುತ್ತಾರೆ.

ಆಕೆ ಮಾಡುತ್ತಿರುವುದು ಏನು ಎಂದು ಸ್ವಲ್ಪ ನೋಡಬಹುದು. ರೋಬಸ್ಟಾ ಕಾಫಿ ಹಣ್ಣನ್ನು ಕಣದಲ್ಲಿ ಸುಮಾರು 8 ಸೆಂಟಿಮೀಟರ್ ದಪ್ಪಕ್ಕೆ ಹರಡಬೇಕು. ಗಂಟೆಗೊಮ್ಮೆಯಾದರೂ ಹಲಗೆ ಎಳೆದು, ಸಾಲು ಮಾಡಿ, ಮಗುಚಬೇಕು. ಹರಡಿದ್ದು ದಪ್ಪವಾದರೆ, ಇಲ್ಲವೇ ಒಂದೆರಡು ಸುತ್ತು ತಪ್ಪಿದರೆ, ಅಡಿಯ ಹಣ್ಣು ಬೆವರಿ ಬೂಷ್ಟು ಹಿಡಿಯುತ್ತದೆ. ಆ ವಾಸನೆ ಆಮೇಲೆ ಎಷ್ಟು ಹುರಿದರೂ ಲೋಟದ ತನಕ ಬಂದೇ ಬರುತ್ತದೆ. ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಒಳ್ಳೆಯ ಬಿಸಿಲಿದ್ದರೆ ಹೀಗೆ 12ರಿಂದ 15 ದಿನ. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗಲಗಲ ಎಂದರೆ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣು, ಒಣಗಿದೆ ಎಂದು ಅರ್ಥ. ಆಮೇಲೆ 50 ಕೆಜಿಯ ಮೂಟೆ. ಅಂದರೆ ಆಕೆ ಕೂತದ್ದು ಎರಡು ಸುತ್ತುಗಳ ನಡುವಿನ ಬಿಡುವಿನಲ್ಲಿ. ಕೂತಾಗಲೂ ಒಂದು ಕಣ್ಣು ಹಸುಗಳ ಮೇಲೆ, ಇನ್ನೊಂದು ಅದೇ ಮೋಡದ ಮೇಲೆ. ಉಸ್ತುವಾರಿ ಎಂದರೆ ಇದೇ ತಾನೇ? ಕುರ್ಚಿ ಇಲ್ಲ ಎನ್ನುವ ಕಾರಣಕ್ಕೆ ಆ ಹೆಸರು ಸಿಗುವುದಿಲ್ಲ.

ಕುಯ್ಲಿನವರ ಪಾಡು ಇದಕ್ಕಿಂತ ನೇರ. ಕೆಜಿ ಲೆಕ್ಕದಲ್ಲಿ ಕುಯ್ಯುವವರು ಕೂತರೆ ತಕ್ಕಡಿಯೂ ಕೂರುತ್ತದೆ. ಬೆಳಿಗ್ಗೆ ಸಿದ್ದಾಪುರದ ಕಡೆಯಿಂದ ಆಳು ತುಂಬಿಕೊಂಡು ಬರುವ ಪಿಕಪ್‌ಗಳಲ್ಲಿ ಹಿಂದೆ ಕೂರುವ ಮಾತೇ ಇಲ್ಲ, ಕಂಬಿ ಹಿಡಿದು ನಿಲ್ಲುವುದು. ಡ್ರೈವರ್ ಪಕ್ಕದ ಸೀಟು ಮೇಸ್ತ್ರಿಗೆ. ನಿನ್ನೆ ತಾನೂ ಹಿಂದೆ ನಿಂತು ಬಂದವನೇ ಇರಬಹುದು. ಆ ಸೀಟಿಗೆ ಬಂದ ವಾರದೊಳಗೆ ಅವನ ಮಾತಿನ ದನಿ ಬದಲಾಗಿರುತ್ತದೆ. ಅಧಿಕಾರ ತಲೆಗೆ ಏರುತ್ತದೆ ಅನ್ನುತ್ತಾರೆ, ಅದು ಹತ್ತುವುದು ಕೆಳಗಿನಿಂದ.

ಎಲ್ಲರನ್ನೂ ಒಂದೇ ಎತ್ತರಕ್ಕೆ ತಂದದ್ದು ಮದುವೆ ಮಂಟಪದ ಪ್ಲಾಸ್ಟಿಕ್ ಕುರ್ಚಿ ಒಂದೇ. ಅದಕ್ಕೂ ದೌರ್ಬಲ್ಯವಿದೆ. ನುಣುಪು ನೆಲದ ಮೇಲೆ ಹಿಂದಕ್ಕೆ ಒರಗಿದರೆ ಹಿಂಗಾಲು ಎರಡೂ ಅಗಲವಾಗಿ ಜಾರುತ್ತವೆ. ಬಿಸಿಲಿಗೆ ಬಿದ್ದು ಬಣ್ಣ ಮಾಸಿದ್ದಾದರೆ ನೇರವಾಗಿ ಮುರಿಯುತ್ತದೆ. ಸಾಹುಕಾರ್ರೇ ಇರಲಿ, ತೋಟದ ಲೆಕ್ಕ ಬರೆಯುವ ರೈಟರೇ ಇರಲಿ, ಬೀಳುವ ರೀತಿ ಒಂದೇ.

ಈಸಿ ಚೇರಿನ ಕಾಯಿಲೆ ಬೇರೆ. ಮಳೆಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ಬೆತ್ತ ಒಣಗಿ ಬಿರುಕು, ಇವೆರಡರ ನಡುವೆ ಯಜಮಾನರ ಭಾರಕ್ಕೆ ಹೆಣಿಗೆ ತೊಟ್ಟಿಲಂತೆ ಜೋತುಬೀಳುವುದು. ಎಳೆ ಕಡಿಯದೆ ಬರೀ ಜೋತುಬಿದ್ದಿದ್ದರೆ ಮದ್ದು ಸುಲಭ. ಕುರ್ಚಿಯನ್ನು ಮಗುಚಿ, ಬೆತ್ತದ ಅಡಿಭಾಗವನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಚೆನ್ನಾಗಿ ನೆನೆಸಿ, ನೆರಳಲ್ಲಿ ಬಿಡಬೇಕು. ಒಣಗುತ್ತ ಬೆತ್ತ ತಾನೇ ಬಿಗಿಯುತ್ತದೆ. ಒಂದೇ ನಿಯಮ, ಪೂರ್ತಿ ಒಣಗುವವರೆಗೆ ಯಾರೂ ಕೂರಬಾರದು. ಆ ಒಂದು ದಿನ ಸಾಹುಕಾರ್ರು ವರಾಂಡದ ಈ ತುದಿಯಿಂದ ಆ ತುದಿಗೆ ಹತ್ತು ಸಲ ನಡೆದು, ಕೊನೆಗೆ ಏನೂ ತೋಚದೆ ಕಣದ ಕಡೆ ಹೋಗುತ್ತಾರೆ.